ಐದು ವರ್ಷದ ಮಗಳಿಗೆ ಧ್ಯಾನ ಹೇಳಿಕೊಡಲು ಹೋಗಿ ಅಳಿಸಿಬಿಟ್ಟೆ, ಎಲ್ಲಿ ತಪ್ಪಿದೆ?

ಪುಟ್ಟಿಯ ಅಪ್ಪ

ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಧ್ಯಾನಕ್ಕೆ ಕೂರುತ್ತಿದ್ದೇನೆ. ಮುಂಚೆ ಸಣ್ಣ ಮಾತಿಗೂ ಸಿಡುಕುತ್ತಿದ್ದೆ, ರಾತ್ರಿ ಎಷ್ಟು ಹೊತ್ತಾದರೂ ನಿದ್ದೆ ಹತ್ತುತ್ತಿರಲಿಲ್ಲ. ಈಗ ಅದೆಲ್ಲ ಬಹಳ ಕಮ್ಮಿಯಾಗಿದೆ. ಮಗಳಿಗೂ ಇದು ಬೇಗ ಸಿಗಲಿ ಅಂತ ಆಸೆ.

ಅವಳಿಗೆ ಈಗ ಐದು ತುಂಬಿದೆ. ಜಾಣೆ, ಆದರೆ ಸಿಟ್ಟು ಬಂದರೆ ಯಾರ ಕೈಗೂ ಸಿಗುವುದಿಲ್ಲ. ಕಟ್ಟುತ್ತಿದ್ದ ಬ್ಲಾಕ್ಸ್ ಬಿದ್ದರೆ ಸಾಕು, ತಾನೂ ನೆಲಕ್ಕೆ ಬಿದ್ದು ಅರ್ಧ ಗಂಟೆ ಅಳುತ್ತಾಳೆ. ಧ್ಯಾನ ಕಲಿತರೆ ಇದು ಹಿಡಿತಕ್ಕೆ ಬರಬಹುದು ಅಂದುಕೊಂಡು ಕಳೆದ ವಾರ ಶುರು ಮಾಡಿದೆ. ಚಕ್ಕಳಮಕ್ಕಳ ಹಾಕಿ ಕೂರಿಸಿದೆ, ಕಣ್ಣು ಮುಚ್ಚು ಅಂದೆ, ಉಸಿರು ನೋಡು ಅಂದೆ, ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಟೈಮರ್ ಇಟ್ಟೆ. ಮೊದಲ ದಿನ ಒಂದು ನಿಮಿಷ ಕೂತಳು. ಎರಡನೇ ದಿನ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ನಾಲ್ಕನೇ ದಿನ "ಅಪ್ಪಾ, ಉಸಿರು ಎಲ್ಲಿದೆ? ನನಗೆ ಕಾಣಿಸುತ್ತಿಲ್ಲ" ಅಂದಳು. ಮಾತಾಡಬೇಡ, ಸುಮ್ನೆ ಕೂರು ಅಂದೆ. ಐದನೇ ದಿನ ಅತ್ತುಬಿಟ್ಟಳು. ಈಗ ಧ್ಯಾನ ಅನ್ನುವ ಶಬ್ದ ಕೇಳಿದರೇ ಅಮ್ಮನ ಹಿಂದೆ ಹೋಗಿ ನಿಲ್ಲುತ್ತಾಳೆ.

ನನಗೆ ತುಂಬಾ ಬೇಜಾರಾಗಿದೆ. ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟು ಅನುಭವ ಇರುವವರು ದಯವಿಟ್ಟು ಹೇಳಿ. ವಯಸ್ಸು ಸಾಲದೋ, ನಾನು ಹೇಳಿದ ರೀತಿ ಸರಿಯಿಲ್ಲವೋ?

ಶಿಶುವಿಹಾರದ ಟೀಚರ್

ಸರ್, ಮೊದಲು ಒಂದು ಮಾತು. ನಾಲ್ಕನೇ ದಿನ ಅವಳು ಕೇಳಿದ ಪ್ರಶ್ನೆ ಇದೆಯಲ್ಲ, ನೀವು ಕಲಿಸಬೇಕು ಅಂತಿದ್ದದ್ದು ಅಲ್ಲೇ ಶುರುವಾಗಿತ್ತು. ಅವಳು ನಿಜವಾಗಿ ಹುಡುಕುತ್ತಿದ್ದಳು! ನೋಡು ಅಂದಿರಿ, ನೋಡಿದಳು, ಕಾಣಲಿಲ್ಲ, ಬಂದು ಹೇಳಿದಳು. ಐದು ವರ್ಷದ ಮಗುವಿಗೆ ನೋಡು ಅಂದರೆ ಕಣ್ಣಿನಿಂದ ನೋಡುವುದೇ. ಕಣ್ಣು ಮುಚ್ಚಿಸಿ ನೋಡು ಅಂದರೆ ಅದು ಏನು ಮಾಡಬೇಕು ಹೇಳಿ.

ಉಸಿರನ್ನು ಕಾಣುವ ಹಾಗೆ ಮಾಡಿ. ಅವಳಿಗೆ ಇಷ್ಟವಾದ, ಜಾಸ್ತಿ ಭಾರ ಇಲ್ಲದ ಒಂದು ಬಟ್ಟೆಯ ಗೊಂಬೆ ತಗೊಳ್ಳಿ. ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಇಡಿ. ಗೊಂಬೆಗೆ ನಿದ್ದೆ ಬರುತ್ತಿದೆ, ನಿನ್ನ ಹೊಟ್ಟೆಯಿಂದಲೇ ತೂಗು ಅನ್ನಿ. ಉಸಿರು ಎಳೆದಾಗ ಗೊಂಬೆ ಮೇಲೆ ಬರುತ್ತದೆ, ಬಿಟ್ಟಾಗ ಕೆಳಗೆ ಹೋಗುತ್ತದೆ. ಕಣ್ಣು ತೆರೆದೇ ಇರಲಿ, ಇಲ್ಲದಿದ್ದರೆ ಗೊಂಬೆ ಕಾಣುವುದು ಹೇಗೆ? ನಮ್ಮ ತರಗತಿಯಲ್ಲಿ ಒಂದು ಕ್ಷಣ ಕೂತಲ್ಲಿ ಕೂರದ ಹುಡುಗನೊಬ್ಬ ಇದ್ದ. ಗೊಂಬೆ ಹೊಟ್ಟೆ ಮೇಲೆ ಇಟ್ಟುಕೊಂಡ ಮೇಲೆ ಕತ್ತು ಎತ್ತಿ ಅದನ್ನೇ ನೋಡುತ್ತಾ, ಅದು ಬೀಳದ ಹಾಗೆ ಎಷ್ಟು ಮೆಲ್ಲಗೆ ಉಸಿರಾಡಿದ ಅಂದರೆ ನಾವಿಬ್ಬರು ಟೀಚರುಗಳು ಮಾತು ನಿಲ್ಲಿಸಿ ಅವನನ್ನೇ ನೋಡುತ್ತಾ ನಿಂತುಬಿಟ್ಟೆವು. ಅವತ್ತು ಅವನು ಮಲಗಿದ್ದು ಒಂದೂವರೆ ನಿಮಿಷ ಇರಬಹುದು. ಅಷ್ಟು ಸಾಕು. ವಯಸ್ಸು ಎಷ್ಟೋ ಅಷ್ಟು ನಿಮಿಷ ಅಂತ ಕೆಲವರು ಲೆಕ್ಕ ಹೇಳುತ್ತಾರೆ. ನನ್ನ ಪ್ರಕಾರ ಶುರುವಿನಲ್ಲಿ ಅದೂ ಜಾಸ್ತಿಯೇ.

ಇನ್ನೊಂದು, ಮಾಂಟೆಸೊರಿ ಶಾಲೆಗಳಲ್ಲಿ ಮೌನದ ಆಟ ಅಂತ ಇದೆ. ಮಾರಿಯಾ ಮಾಂಟೆಸೊರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಮಕ್ಕಳ ಮನೆ ಶುರು ಮಾಡಿದರು. ಒಂದು ದಿನ ನಾಲ್ಕು ತಿಂಗಳ ಹಸುಗೂಸನ್ನು ಎತ್ತಿಕೊಂಡು ಮಕ್ಕಳ ಮುಂದೆ ಬಂದರಂತೆ. ನೋಡಿ ಈ ಪಾಪು ಎಷ್ಟು ಸುಮ್ಮನಿದೆ, ಎಷ್ಟು ಮೆತ್ತಗೆ ಉಸಿರಾಡುತ್ತಿದೆ ಅಂದರು. ಮಕ್ಕಳೆಲ್ಲ ಪಾಪುವಿನ ಹಾಗೇ ಇರಲು ನೋಡಿದರು, ಕೈಕಾಲು ಅಲ್ಲಾಡಿಸದೆ. ಯಾರೂ ಬಾಯಿ ಮುಚ್ಚಿ ಅಂತ ಹೇಳಬೇಕಾಗಲಿಲ್ಲ. ಆಮೇಲೆ ಅವರು ಪಕ್ಕದ ಕೋಣೆಗೆ ಹೋಗಿ ಒಬ್ಬೊಬ್ಬರ ಹೆಸರನ್ನೂ ಪಿಸುಮಾತಿನಲ್ಲಿ ಕರೆಯುವುದನ್ನು ರೂಢಿ ಮಾಡಿದರು. ತನ್ನ ಹೆಸರು ಕೇಳಿಸಿದ ಮಗು ಸದ್ದಾಗದ ಹಾಗೆ ಎದ್ದು ಬರಬೇಕು. ಮನೆಯಲ್ಲಿ ಒಂದೇ ಮಗು ಇದ್ದರೂ ಆಡಬಹುದು, ಪಕ್ಕದ ಕೋಣೆಯಿಂದ ಪಿಸುಗುಟ್ಟಿ ನೋಡಿ. ತನ್ನ ಹೆಸರು ಬರುತ್ತದೆ ಅಂತ ಕಾಯುವ ಮಗುವಿನ ಮುಖವನ್ನು ಒಮ್ಮೆ ನೋಡಿದರೆ ಧ್ಯಾನಕ್ಕೆ ಬೇರೆ ವಿವರಣೆ ಬೇಡ ಅನಿಸುತ್ತದೆ.

ಶಿಸ್ತು ಬೇಕು ಅನ್ನುವವ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಎಲ್ಲವನ್ನೂ ಆಟ ಮಾಡಿಬಿಟ್ಟರೆ ಮಕ್ಕಳಿಗೆ ಕಷ್ಟವಾದದ್ದನ್ನು ಮಾಡುವ ಅಭ್ಯಾಸ ಬರುವುದು ಯಾವಾಗ? ಹಲ್ಲುಜ್ಜುವುದನ್ನು ಯಾವ ಮಗುವೂ ಇಷ್ಟಪಟ್ಟು ಕಲಿಯಲ್ಲ. ಅಳುತ್ತದೆ, ಓಡುತ್ತದೆ, ಆದರೂ ನಾವು ಬಿಡಲ್ಲ. ಎರಡು ವರ್ಷ ಕಳೆದರೆ ತಾನೇ ಉಜ್ಜುತ್ತದೆ. ಧ್ಯಾನವೂ ಹಾಗೇ ಅಲ್ವಾ? ಐದನೇ ದಿನಕ್ಕೆ ಅತ್ತಳು ಅಂತ ಬಿಟ್ಟರೆ, ಅತ್ತರೆ ಬಿಡುತ್ತಾರೆ ಅನ್ನುವುದನ್ನು ಕಲಿಯುತ್ತಾಳೆ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂರಿಸಿ. ಬೇಕಾದರೆ ಎರಡೇ ನಿಮಿಷ ಮಾಡಿ, ಆದರೆ ತಪ್ಪಿಸಬೇಡಿ.

ದಿನಾ ಕೂರುವವ

ಒಂದೇ ಹೊತ್ತು, ಒಂದೇ ಜಾಗ, ಎರಡೇ ನಿಮಿಷ, ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಲ್ಲುಜ್ಜುವ ಹೋಲಿಕೆ ಮಾತ್ರ ಒಪ್ಪಲಾರೆ. ಅಳುತ್ತಾ ಉಜ್ಜಿಸಿಕೊಂಡರೂ ಹಲ್ಲು ಶುದ್ಧವಾಗುತ್ತದೆ. ಆದರೆ ಗಮನ ಹಾಗಲ್ಲ. ಹೆದರಿಕೊಂಡು ಕೂತ ಮಗುವಿನ ಗಮನ ಉಸಿರಿನ ಮೇಲೆ ಇರುವುದಿಲ್ಲ, ಅಪ್ಪನ ಮುಖದ ಮೇಲೆ ಇರುತ್ತದೆ. ಬೆನ್ನು ನೆಟ್ಟಗಿರುತ್ತದೆ, ಕಣ್ಣು ಮುಚ್ಚಿರುತ್ತದೆ, ಹೊರಗಿನಿಂದ ನೋಡಿದರೆ ಧ್ಯಾನವೇ. ಒಳಗೆ ಮಾತ್ರ ಯಾವಾಗ ಮುಗಿಯುತ್ತದೆ ಅನ್ನುವ ಲೆಕ್ಕ. ನಾನು ಚಿಕ್ಕವನಿದ್ದಾಗ ನನ್ನನ್ನು ಹಾಗೆ ಕೂರಿಸಿದ್ದರು. ಮತ್ತೆ ನನ್ನ ಇಷ್ಟದಿಂದ ಕೂತದ್ದು ಮೂವತ್ತು ದಾಟಿದ ಮೇಲೆ. ನಡುವಿನ ಅಷ್ಟೂ ವರ್ಷ ಧ್ಯಾನ ಅಂದರೆ ನನಗೆ ಶಿಕ್ಷೆ ಅಂತಲೇ ತಲೆಯಲ್ಲಿ ಕೂತಿತ್ತು.

ಪತಂಜಲಿಯ ಯೋಗಸೂತ್ರದಲ್ಲಿ ಆಸನಕ್ಕೆ ಹೇಳಿದ್ದು ಎರಡೇ ಮಾತು, ಸ್ಥಿರವಾಗಿರಬೇಕು, ಸುಖವಾಗಿರಬೇಕು. ನಾವು ಮಕ್ಕಳ ವಿಷಯಕ್ಕೆ ಬಂದಾಗ ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಮಗು ಮಲಗಿರಲಿ, ಒರಗಿರಲಿ, ತೊಡೆ ಮೇಲಿರಲಿ, ಏನಾಗಬೇಕು?

ಇನ್ನೊಂದು ವಿಷಯ. ನಾವು ಕಲಿತ ಕ್ರಮಗಳಲ್ಲಿ ಬಹಳಷ್ಟು ದೊಡ್ಡವರಿಗೆ ಅಂತಲೇ ಮಾಡಿದವು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಶುರು ಮಾಡಿದ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವುದು) ತರಬೇತಿ ವರ್ಷಗಟ್ಟಲೆ ನೋವು, ಒತ್ತಡ ಅನುಭವಿಸುತ್ತಿದ್ದ ದೊಡ್ಡವರಿಗಾಗಿ ಇತ್ತು. ಮುಕ್ಕಾಲು ಗಂಟೆ ಅಲ್ಲಾಡದೆ ಮಲಗಿ ಮೈಯ ಒಂದೊಂದೇ ಭಾಗವನ್ನು ಗಮನಿಸುವುದು ಅದರಲ್ಲಿ ಬರುತ್ತದೆ. ಅದನ್ನೇ ಚಿಕ್ಕದು ಮಾಡಿ ಮಗುವಿಗೆ ಕೊಟ್ಟರೆ ಅಪ್ಪನ ಅಂಗಿಯನ್ನು ಮಗುವಿಗೆ ತೊಡಿಸಿದ ಹಾಗಾಗುತ್ತದೆ.

ಮಕ್ಕಳ ವಾರ್ಡಿನ ನರ್ಸ್

ಆಸ್ಪತ್ರೆಯಲ್ಲಿ ಹೆದರಿದ ಮಕ್ಕಳನ್ನು ದಿನಾ ನೋಡುತ್ತೇನೆ, ಅದಕ್ಕೇ ಸ್ವಲ್ಪ ಎಚ್ಚರಿಕೆಯ ಮಾತು ಹೇಳಬೇಕು ಅನಿಸಿತು.

ಈ ವಯಸ್ಸಿನ ಮಕ್ಕಳು ಸುಮ್ಮನಿದ್ದಾಗಲೂ ನಿಮಿಷಕ್ಕೆ ಸುಮಾರು 20ರಿಂದ 25 ಸಲ ಉಸಿರಾಡುತ್ತಾರೆ. ದೊಡ್ಡವರು 12ರಿಂದ 20 ಸಲ. ಹಾಗಾಗಿ ನಿಮ್ಮ ಉಸಿರಿನ ಲೆಕ್ಕ ಅವಳಿಗೆ ಹಾಕಬೇಡಿ. ನಾಲ್ಕು ಎಣಿಸುವವರೆಗೆ ಎಳಿ, ನಾಲ್ಕು ಎಣಿಸುವವರೆಗೆ ಹಿಡಿ, ಇಂಥದ್ದೆಲ್ಲ ಚಿಕ್ಕ ಮಕ್ಕಳಿಗೆ ಬೇಡ. ಉಸಿರು ಹಿಡಿಸಲೇಬೇಡಿ. ಜೋರಾಗಿ ಬೇಗ ಬೇಗ ಉಸಿರಾಡಿಸಲೂ ಬೇಡಿ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಮಗು ಇನ್ನಷ್ಟು ಹೆದರುತ್ತದೆ.

ಬಿಡುವ ಉಸಿರು ಉದ್ದವಾದರೆ ಸಾಕು. ಉಸಿರು ಎಳೆದಾಗ ಎದೆ ಬಡಿತ ಸ್ವಲ್ಪ ವೇಗವಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ವೇಗಸ್ ಅನ್ನುವ ನರದ ಕೆಲಸ ಅದು. ಅದಕ್ಕೇ ಉದ್ದಕ್ಕೆ ಉಸಿರು ಬಿಟ್ಟಾಗ ಮೈ ತಾನೇ ಸಡಿಲವಾಗುತ್ತದೆ. ಇದನ್ನು ಮಕ್ಕಳಿಗೆ ವಿವರಿಸಬೇಕಾಗಿಲ್ಲ, ಸೋಪಿನ ಗುಳ್ಳೆ ಊದಲು ಕೊಡಿ. ದೊಡ್ಡ ಗುಳ್ಳೆ ಬರಬೇಕಾದರೆ ಮೆಲ್ಲಗೆ, ಉದ್ದಕ್ಕೆ ಊದಲೇಬೇಕು. ಜೋರು ಮಾಡಿದರೆ ಒಡೆಯುತ್ತದೆ. ಚುಚ್ಚುಮದ್ದಿಗೆ ಮುಂಚೆ ಎಷ್ಟೋ ಮಕ್ಕಳಿಗೆ ಗುಳ್ಳೆ ಊದಿಸಿದ್ದೇನೆ. ಹೆಗಲು ಕಿವಿಯವರೆಗೆ ಏರಿಸಿಕೊಂಡು ಬಂದ ಮಗು ನಾಲ್ಕನೇ ಗುಳ್ಳೆಗೆ ಹೆಗಲು ಇಳಿಸಿರುತ್ತದೆ.

ಕಣ್ಣು ಮುಚ್ಚಲು ಒಪ್ಪದ ಮಗುವಿಗೆ ಬಲವಂತ ಬೇಡ. ಕೆಲವು ಮಕ್ಕಳಿಗೆ ಕತ್ತಲೆ ಅಂದರೆ ಭಯ. ಉಬ್ಬಸ ಇರುವ ಮಕ್ಕಳಿಗೆ ಉಸಿರಿನ ಮೇಲೆ ಗಮನ ಇಡು ಅಂದರೆ ಗಾಬರಿ ಜಾಸ್ತಿಯಾಗಬಹುದು. ಅವರಿಗೆ ಸದ್ದು ಕೇಳಿಸಿಕೊಳ್ಳುವುದು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುವುದು ಒಳ್ಳೆಯದು. ಮಗು ತುಂಬಾ ದಿನದಿಂದ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದೆ, ತನಗೆ ತಾನೇ ಹೊಡೆದುಕೊಳ್ಳುತ್ತಿದೆ ಅಂದರೆ ಡಾಕ್ಟರಿಗೆ ತೋರಿಸಿ. ಅಲ್ಲಿ ಧ್ಯಾನ ಔಷಧಿಯಲ್ಲ.

ಅವಳಿ ಮಕ್ಕಳ ಅಮ್ಮ

ನನ್ನ ತಪ್ಪು ಹೇಳಿಬಿಡುತ್ತೇನೆ, ಬೇರೆಯವರು ಮಾಡದಿರಲಿ ಅಂತ. ನನ್ನ ಇಬ್ಬರು ಗಂಡು ಮಕ್ಕಳಿಗೆ ನಾಲ್ಕು ವರ್ಷ ಇದ್ದಾಗ ಒಂದು ಮೂಲೆಯಲ್ಲಿ ಚಾಪೆ, ದಿಂಬು ಹಾಕಿ ಶಾಂತಿಯ ಜಾಗ ಅಂತ ಮಾಡಿದ್ದೆ. ಮೊದಲ ವಾರ ಇಬ್ಬರೂ ಖುಷಿಯಿಂದ ಹೋಗಿ ಕೂರುತ್ತಿದ್ದರು. ಆಮೇಲೆ ಒಂದು ದಿನ ಇಬ್ಬರೂ ಜಗಳ ಆಡಿ ಕಿರುಚಿದಾಗ ನನಗೂ ಸಾಕಾಗಿತ್ತು, "ಹೋಗಿ ಅಲ್ಲಿ ಕೂತು ಧ್ಯಾನ ಮಾಡ್ರೋ" ಅಂತ ಗದರಿದೆ. ಅಷ್ಟೇ. ಅವತ್ತಿನಿಂದ ಆ ಮೂಲೆಗೆ ಅವರು ತಾವಾಗಿ ಹೋಗಲಿಲ್ಲ. ಒಂದೇ ಮಾತಿನಲ್ಲಿ ಹಾಳು ಮಾಡಿದ್ದನ್ನು ಸರಿ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಚಾಪೆ ಎತ್ತಿಟ್ಟು, ಧ್ಯಾನ ಅನ್ನುವ ಶಬ್ದವನ್ನೇ ಬಿಟ್ಟು, ಮಲಗುವ ಹೊತ್ತಿಗೆ ಬೇರೆ ಥರ ಶುರು ಮಾಡಿದೆ.

ಪುಟ್ಟಿ ಅಪ್ಪ, ಸಿಟ್ಟು ಬಂದಾಗ ಕಲಿಸಲು ಹೋಗಬೇಡಿ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಅದು. ಆ ಹೊತ್ತಿಗೆ ಎತ್ತಿಕೊಳ್ಳಿ, ಪಕ್ಕ ಕೂರಿ, ಅಷ್ಟು ಸಾಕು. ತಡೆದುಕೊಳ್ಳುವ, ಯೋಚಿಸುವ ಕೆಲಸ ಮಾಡುವ ಹಣೆಯ ಹಿಂದಿನ ಮೆದುಳು 25ರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ ಅಂತ ಓದಿದ ಮೇಲೆ ಐದು ವರ್ಷದವರ ಮೇಲೆ ನನಗಿದ್ದ ಕೋಪ ಅರ್ಧ ಇಳಿಯಿತು.

ನಮ್ಮನೆಯಲ್ಲಿ ನಡೆದದ್ದು ಇದು. ಒಬ್ಬನಿಗೆ ಗುಂಯ್ ಅನ್ನುವುದು ಇಷ್ಟ. ದುಂಬಿಯ ಹಾಗೆ, ಬಾಯಿ ಮುಚ್ಚಿ. ಯೋಗದಲ್ಲಿ ಭ್ರಾಮರಿ ಅನ್ನುತ್ತಾರಲ್ಲ, ಅದೇ. ಮೇಲೆ ನರ್ಸ್ ಅಕ್ಕ ಹೇಳಿದ ಉದ್ದದ ಉಸಿರು ಅದರಲ್ಲಿ ತಾನಾಗಿ ಬರುತ್ತದೆ, ಗುಂಯ್ ಅನ್ನಬೇಕಾದರೆ ಉಸಿರನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕಲ್ಲ. ಅವನು ಕೈಯನ್ನು ತನ್ನ ಎದೆ ಮೇಲೆ ಇಟ್ಟುಕೊಂಡು, ಆಮೇಲೆ ನನ್ನ ಎದೆ ಮೇಲೆ ಇಟ್ಟು, "ಅಮ್ಮ, ನಿನ್ನದು ದೊಡ್ಡ ದುಂಬಿ" ಅನ್ನುತ್ತಾನೆ. ಇನ್ನೊಬ್ಬನಿಗೆ ಕೂರುವುದೇ ಆಗದು. ಅವನಿಗೆ ನಡೆಯುವುದು. ಹಿಮ್ಮಡಿ, ಪಾದ, ಬೆರಳು, ಹೀಗೆ ಮೆಲ್ಲಗೆ ಊರುತ್ತಾ, ಸದ್ದು ಬಾರದ ಹಾಗೆ, ಈ ಗೋಡೆಯಿಂದ ಆ ಗೋಡೆಯವರೆಗೆ. ಒಂದೇ ಹೊಟ್ಟೆಯಲ್ಲಿ ಒಟ್ಟಿಗೆ ಇದ್ದವರು, ಆದರೂ ಇಬ್ಬರಿಗೂ ಬೇರೆ ಬೇರೆ ದಾರಿ.

ಸಂಶೋಧನೆ ಓದುವವಳು

ನಾನು ಮಧ್ಯೆ ಒಂದು ಪ್ರಶ್ನೆ ಹಾಕಲೇ? ಮಕ್ಕಳಿಗೆ ಇದು ನಿಜಕ್ಕೂ ಬೇಕಾ? ಬ್ರಿಟನ್‌ನಲ್ಲಿ 80ಕ್ಕೂ ಹೆಚ್ಚು ಶಾಲೆಗಳಲ್ಲಿ, 11ರಿಂದ 14 ವರ್ಷದ 8,000ಕ್ಕೂ ಜಾಸ್ತಿ ಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆಯಿತು, ಮಿರಿಯಡ್ ಅಂತ ಹೆಸರು, ಫಲಿತಾಂಶ 2022ರಲ್ಲಿ ಬಂತು. ತರಬೇತಿ ಪಡೆದ ಶಿಕ್ಷಕರೇ ಮೈಂಡ್‌ಫುಲ್‌ನೆಸ್ ಪಾಠ ಮಾಡಿದರು. ಮಾಮೂಲಿ ಪಾಠ ಪಡೆದ ಮಕ್ಕಳಿಗಿಂತ ಇವರ ಮನಸ್ಥಿತಿ ಏನೂ ಉತ್ತಮವಾಗಲಿಲ್ಲ. ಮೊದಲೇ ಮನಸ್ಸಿನ ತೊಂದರೆಯ ಅಪಾಯ ಇದ್ದ ಮಕ್ಕಳಲ್ಲಿ ಸ್ವಲ್ಪ ಕೆಟ್ಟದ್ದೂ ಆಗಿರಬಹುದು ಅನ್ನುವ ಸೂಚನೆ ಸಿಕ್ಕಿತು. ಎಲ್ಲ ಮಕ್ಕಳಿಗೂ ಧ್ಯಾನ ಒಳ್ಳೆಯದು ಅನ್ನುವ ಮಾತನ್ನು ಹಾಗೇ ನಂಬಬಾರದು ಅಂತ ನನ್ನ ಅಭಿಪ್ರಾಯ.

ದಿನಾ ಕೂರುವವ

ನೀವು ಇದನ್ನು ತಂದದ್ದು ಒಳ್ಳೆಯದಾಯಿತು ಮೇಡಂ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ. ಮಕ್ಕಳು ತಾವಾಗಿ ಬೇಕು ಅನ್ನದೇ ಇದ್ದಾಗ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಪಾಠ ಮಾಡಿದರೆ ಹೀಗಾಗುತ್ತದೆ ಅಂತ ನನಗನಿಸುತ್ತದೆ. ಅದು ದೊಡ್ಡ ಮಕ್ಕಳ ಶಾಲೆಯ ಕಥೆ, ಇಲ್ಲಿ ಮನೆಯಲ್ಲಿ ಐದು ವರ್ಷದ ಮಗು, ಒಂದಕ್ಕೊಂದು ನೇರ ಹೋಲಿಸಲು ಆಗದು ನಿಜ. ಆದರೂ ಬಲವಂತ ಬೇಡ ಅನ್ನುವ ಮಾತು ಎರಡೂ ಕಡೆ ನಿಲ್ಲುತ್ತದೆ. ಸಿಟ್ಟು ಹೋಗಲಿ ಅಂತ ಧ್ಯಾನ ಕೊಡುವುದನ್ನು ಬಿಟ್ಟರೆ ಅರ್ಧ ತೊಂದರೆ ಕಮ್ಮಿ. ಮಗು ಸುಮ್ಮನಾದರೆ ಅದರಲ್ಲಿ ನಮಗೂ ಲಾಭ ಇದೆಯಲ್ಲ, ಅದು ಮಗುವಿಗೆ ಗೊತ್ತಾಗುತ್ತದೆ.

ಮೊಮ್ಮಕ್ಕಳ ಅಜ್ಜಿ

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನಾನು ಓದಿದವಳಲ್ಲ, ಕೂತು ಕೂತು ಗೊತ್ತಾದದ್ದನ್ನು ಹೇಳುತ್ತೇನೆ.

ಮಗಾ, ನಿನ್ನ ಮಗಳಿಗೆ ಏನೂ ಕಲಿಸಬೇಡ ಸದ್ಯಕ್ಕೆ. ನೀನು ಕೂರು. ಬಾಗಿಲು ಹಾಕಿಕೊಂಡು ಕೂರುತ್ತೀಯ ಅಂತ ಕಾಣುತ್ತದೆ, ಬಾಗಿಲು ತೆಗೆದಿಡು. ನಾನು ಕೂತಾಗ ಮೊಮ್ಮಗಳು ಬರುತ್ತಿದ್ದಳು, ಬೆನ್ನು ಹತ್ತುತ್ತಿದ್ದಳು, ಸೆರಗು ಎಳೆಯುತ್ತಿದ್ದಳು, ಮೂಗಿಗೆ ಬೆರಳು ಇಡುತ್ತಿದ್ದಳು ಉಸಿರು ಬರುತ್ತಿದೆಯಾ ಅಂತ ನೋಡಲು. ನಾನು ಬೈಯಲೂ ಇಲ್ಲ, ಏಳಲೂ ಇಲ್ಲ. ಒಂದು ತಿಂಗಳಾದ ಮೇಲೆ ತೊಡೆ ಮೇಲೆ ಬಂದು ಕೂತಳು. ಬೆನ್ನು ನನ್ನ ಹೊಟ್ಟೆಗೆ ಒತ್ತಿ ಇಟ್ಟಳು. ಸ್ವಲ್ಪ ಹೊತ್ತಿಗೆ ನನ್ನ ಉಸಿರು, ಅವಳ ಉಸಿರು ಯಾವುದು ಯಾರದು ಅಂತ ತಿಳಿಯಲಿಲ್ಲ. ಆಮೇಲೆ ಎದ್ದು ಆಡಲು ಓಡಿದಳು. ಅದೇ ಅವಳ ಮೊದಲ ಪಾಠ, ನಾನು ಬಾಯೇ ತೆರೆದಿರಲಿಲ್ಲ.

ಬುದ್ಧನ ಕಥೆ ನೆನಪಿದೆಯಾ? ಚಿಕ್ಕವನಿದ್ದಾಗ ಅಪ್ಪ ಕೆಲಸದಲ್ಲಿದ್ದ, ಇವನು ಜಂಬು ಮರದ ತಂಪು ನೆರಳಲ್ಲಿ ಒಬ್ಬನೇ ಕೂತಿದ್ದ. ಯಾರೂ ಹೇಳಿಕೊಡದೆ ಮನಸ್ಸು ತಾನೇ ನಿಂತಿತು. ದೊಡ್ಡವನಾಗಿ ವರ್ಷಗಟ್ಟಲೆ ಮೈ ಸುಟ್ಟುಕೊಂಡು ತಪಸ್ಸು ಮಾಡಿ ಏನೂ ಸಿಗದಾದಾಗ ಅವನಿಗೆ ನೆನಪಾದದ್ದು ಆ ಮರದ ನೆರಳು. ದಾರಿ ಇದೇ ಇರಬಹುದಾ ಅಂತ ಕೇಳಿಕೊಂಡನಂತೆ. ನನಗೆ ಈ ಕಥೆ ಯಾಕೆ ಇಷ್ಟ ಅಂದರೆ ಅದರಲ್ಲಿ ಮಗುವಿಗೆ ಯಾರೂ ಟೈಮರ್ ಇಟ್ಟಿರಲಿಲ್ಲ. ಇರುವೆ ಸಾಲು ನೋಡುತ್ತಾ ಕೂತ ಮಗುವನ್ನು ಬಾ ಬಾ ಅಂತ ಎಳೆಯಬೇಡಿ. ಅದು ಕೂತಿದೆ, ಬಿಡಿ.

ಶಿಶುವಿಹಾರದ ಟೀಚರ್

ಅಜ್ಜಿ, ಓದುತ್ತಾ ಕಣ್ಣು ತುಂಬಿತು.

ಒಂದು ಸೇರಿಸುತ್ತೇನೆ. ವಿಯೆಟ್ನಾಮಿನ ಬೌದ್ಧ ಭಿಕ್ಷು ಥಿಕ್ ನ್ಯಾಟ್ ಹನ್ ಮಕ್ಕಳಿಗೆ ನಾಲ್ಕು ಬೆಣಚುಕಲ್ಲುಗಳ ಧ್ಯಾನ ಹೇಳಿಕೊಡುತ್ತಿದ್ದರು. ಒಂದು ಕಲ್ಲು ಹೂವು, ಒಂದು ಬೆಟ್ಟ, ಒಂದು ಅಲುಗಾಡದ ನೀರು, ಒಂದು ಬಯಲು. ಒಂದೊಂದು ಕಲ್ಲು ಕೈಯಲ್ಲಿ ಹಿಡಿದು ಮೂರು ಉಸಿರು. ಹೂವಿನ ಹಾಗೆ ತಾಜಾ, ಬೆಟ್ಟದ ಹಾಗೆ ಗಟ್ಟಿ, ನೀರಿನ ಹಾಗೆ ತಿಳಿ, ಬಯಲಿನ ಹಾಗೆ ಆರಾಮ. ಮಕ್ಕಳಿಗೆ ಕೈಯಲ್ಲಿ ಏನಾದರೂ ಇದ್ದರೆ ಮನಸ್ಸು ಅಲ್ಲೇ ನಿಲ್ಲುತ್ತದೆ. ಕಲ್ಲುಗಳನ್ನು ಅವಳೇ ಆರಿಸಲಿ. ಮೂರು ವರ್ಷದ ಒಳಗಿನ ಮಕ್ಕಳಿದ್ದರೆ ಬೇಡ, ಬಾಯಿಗೆ ಹಾಕಿಕೊಂಡರೆ ಕಷ್ಟ.

ಸದ್ದಿನ ಆಟವೂ ಇದೆ. ಸ್ಟೀಲ್ ಲೋಟಕ್ಕೆ ಚಮಚ ಮೆಲ್ಲಗೆ ತಾಗಿಸಿ. ಸದ್ದು ಪೂರ್ತಿ ಹೋದಾಗ ಕೈ ಎತ್ತು ಅನ್ನಿ. ನಮಗೆ ನಿಂತಿತು ಅನಿಸಿದ ಮೇಲೂ ಕೆಲವು ಮಕ್ಕಳು ಕೈ ಎತ್ತುವುದಿಲ್ಲ, ಇನ್ನೂ ಇದೆ ಅನ್ನುತ್ತವೆ.

ಶಿಸ್ತು ಬೇಕು ಅನ್ನುವವ

ಹಲ್ಲಿನ ಮಾತಿಗೆ ಕೊಟ್ಟ ಉತ್ತರ ಎರಡು ದಿನ ತಲೆಯಲ್ಲಿ ಸುತ್ತಿತು. ಒಪ್ಪಿದೆ. ಆದರೆ ದಿನಾ ಒಂದೇ ಹೊತ್ತು ಅನ್ನುವುದನ್ನು ಮಾತ್ರ ಬಿಡಬೇಡಿ. ಮಗು ಬರಲಿ, ಬಿಡಲಿ, ದೊಡ್ಡವರಾದರೂ ಆ ಹೊತ್ತಿಗೆ ಕೂತಿರಬೇಕು. ಆ ಶಿಸ್ತು ನಮ್ಮದು.

ಪುಟ್ಟಿಯ ಅಪ್ಪ

ಮೂರು ವಾರ ಆಯಿತು, ಎಲ್ಲರಿಗೂ ಹೇಳಲೇಬೇಕು ಅನಿಸಿತು.

ಟೈಮರ್ ತೆಗೆದೆ. ಅವಳ ಹತ್ತಿರ ಹೋಗಿ, ಅವತ್ತು ನೀನು ಉಸಿರು ಎಲ್ಲಿದೆ ಅಂತ ಕೇಳಿದಾಗ ನಾನು ಉತ್ತರ ಹೇಳಬೇಕಿತ್ತು, ಗದರಿದ್ದು ತಪ್ಪಾಯಿತು ಅಂದೆ. "ಹೂಂ" ಅಂದಳು, ಬಣ್ಣ ಹಾಕುವುದನ್ನು ನಿಲ್ಲಿಸಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದೇ ಕೂತೆ. ಮೊದಲ ವಾರ ಅವಳು ಆ ಕಡೆ ತಲೆಯೂ ಹಾಕಲಿಲ್ಲ. ರಾತ್ರಿ ಮಲಗುವಾಗ ಮಾತ್ರ ಅವಳ ಬಟ್ಟೆಯ ಆನೆಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ಸುಮ್ನೆ ಮಲಗುತ್ತಿದ್ದೆ, ಅವಳಿಗೆ ಏನೂ ಹೇಳದೆ. ಮೂರನೇ ರಾತ್ರಿ ಆನೆಯನ್ನು ಕಿತ್ತುಕೊಂಡು ತನ್ನ ಹೊಟ್ಟೆ ಮೇಲೆ ಇಟ್ಟುಕೊಂಡಳು. ಮೇಲೆ ಹೋಯ್ತು, ಕೆಳಗೆ ಬಂತು, ಮೇಲೆ ಹೋಯ್ತು, ಅಂತ ತಾನೇ ಹೇಳುತ್ತಾ ಹೇಳುತ್ತಾ ನಿದ್ದೆ ಹೋದಳು.

ಸಿಟ್ಟು ಇನ್ನೂ ಇದೆ. ಬ್ಲಾಕ್ಸ್ ಬಿದ್ದರೆ ಈಗಲೂ ಅಳುತ್ತಾಳೆ. ನಾನು ಪಕ್ಕದಲ್ಲಿ ಕೂರುತ್ತೇನೆ, ಅಷ್ಟೇ.

ನಿನ್ನೆ ಸಂಜೆ ಫೋನಿನಲ್ಲಿ ಕೆಲಸದ ವಿಷಯಕ್ಕೆ ಜೋರು ಮಾತಾಯಿತು. ಇಟ್ಟ ಮೇಲೂ ತಲೆ ಬಿಸಿಯಾಗಿಯೇ ಇತ್ತು, ನೆಲದ ಮೇಲೆ ಹಾಗೇ ಮಲಗಿದ್ದೆ. ಅವಳು ಬಂದಳು. ಏನೂ ಕೇಳಲಿಲ್ಲ. ಆನೆಯನ್ನು ತಂದು ನನ್ನ ಹೊಟ್ಟೆ ಮೇಲೆ ಇಟ್ಟು, ಪಕ್ಕದಲ್ಲಿ ಮಂಡಿಯೂರಿ, ಕೈಗಳ ಮೇಲೆ ಗಲ್ಲ ಇಟ್ಟುಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ ಹೇಳಿದಳು, "ಅಪ್ಪಾ, ಆನೆ ತುಂಬಾ ಬೇಗ ಬೇಗ ಓಡುತ್ತಿದೆ. ನಾನು ಕಾಯ್ತೀನಿ, ನಿಧಾನ ಮಾಡು."